ನೋಡಿದರೂ ಕಾಣದ ಸವಾರ

‘ನೋಡು’ ಎಂಬ ಮಾತಿಗೂ ‘ಕಾಣು’ ಎಂಬ ಮಾತಿಗೂ ಇರುವ ಭೇದವನ್ನು ಕನ್ನಡಿಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ನಮಗೆ ಒದಗುವ ಫಲ. ನೋಡಿದ್ದೆಲ್ಲವೂ ಕಂಡೇ ತೀರಬೇಕೆಂಬ ನಿಯಮವಿಲ್ಲ. ಹುಡುಕುತ್ತಿರುವ ಕನ್ನಡಕವು ಮೇಜಿನ ಮೇಲೆ ಕಣ್ಣೆದುರಿಗೇ ಬಿದ್ದಿದ್ದರೂ ಕಾಣದೆ ಹೋಗುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಮನೆಯೊಳಗೆ ಇದು ನಗೆಯ ವಿಷಯ. ಹೆದ್ದಾರಿಯ ಕೂಡುರಸ್ತೆಯಲ್ಲಿ ಹೀಗಾದರೆ ಒಬ್ಬನ ಪ್ರಾಣ ಹೋಗುತ್ತದೆ. ಕಾರು ನಡೆಸುತ್ತಿದ್ದವನು ಪೋಲೀಸರ ಮುಂದೆ, “ಎರಡು ಕಡೆಯೂ ನೋಡಿಯೇ ತಿರುಗಿಸಿದೆ, ಸ್ವಾಮಿ, ಮೋಟಾರು ಸೈಕಲ್ಲು ನನಗೆ ಕಾಣಲೇ ಇಲ್ಲ” ಎನ್ನುತ್ತಾನೆ. ಕೇಳಿದವರು ಇದನ್ನು ಶಿಕ್ಷೆಗೆ ಹೆದರಿ ಹೇಳಿದ ಸುಳ್ಳೆಂದು ಭಾವಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಅದು ಸುಳ್ಳಲ್ಲ, ಅಕ್ಷರಶಃ ಸತ್ಯವೆಂಬುದೇ ಈ ಲೇಖನದ ವಿಷಯ. ಸತ್ಯವಾದ ಮಾತ್ರಕ್ಕೆ ಅವನ ಹೊಣೆ ತಪ್ಪಿತೆಂದು ನಾನು ಹೇಳುತ್ತಿಲ್ಲ. ಆದರೆ ಕಾಣದಿರುವುದಕ್ಕೆ ಕಾರಣವೇನೆಂಬುದು ತಿಳಿದರೆ, ಕಾಣಿಸಿಕೊಳ್ಳುವ ಉಪಾಯವೂ ಸವಾರನಿಗೆ ತಿಳಿಯುತ್ತದೆ.

ವಿಷಯವು ಎಷ್ಟು ದೊಡ್ಡದೆಂಬುದಕ್ಕೆ ಒಂದೇ ಅಂಕಿ ಸಾಕು. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಇವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಎಂದರೆ ದಿನವೊಂದಕ್ಕೆ ಇನ್ನೂರಕ್ಕೂ ಹೆಚ್ಚು. ಇವರೆಲ್ಲರೂ ಕಾಣದೆ ಹೋದುದರಿಂದಲೇ ಸತ್ತರೆನ್ನುವಂತಿಲ್ಲ. ಅತಿವೇಗ, ಮದ್ಯಪಾನ, ಹೊಂಡ ಬಿದ್ದ ರಸ್ತೆ, ಹೆಲ್ಮೆಟ್ಟಿಲ್ಲದ ತಲೆ ಎಲ್ಲವೂ ತಮ್ಮ ತಮ್ಮ ಪಾಲನ್ನು ಪಡೆದಿವೆ. ಆದರೂ ಬೆಳಗಾದರೆ ಮೋಟಾರು ಸೈಕಲ್ಲುಗಳ ಮೇಲೆ ಕಾಲೇಜಿಗೆ ಬರುವ ವಿದ್ಯಾರ್ಥಿಗಳನ್ನು ನಿತ್ಯವೂ ಎದುರಿಗೆ ಕೂರಿಸಿಕೊಂಡು ಬೆಳಕಿನ ಪಾಠ ಹೇಳುವವನಿಗೆ ಈ ಅಂಕಿ ಬರಿಯ ಅಂಕಿಯಾಗಿ ಉಳಿಯುವುದಿಲ್ಲ.

ಕಾರಿಗೂ ಮೋಟಾರು ಸೈಕಲ್ಲಿಗೂ ಆಗುವ ಡಿಕ್ಕಿಯನ್ನು ಮೊದಲ ಬಾರಿಗೆ ಕೂಲಂಕಷವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ಎಂಬ ವಿದ್ವಾಂಸರು ಮುಖ್ಯರು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಇವರೂ ಇವರ ಸಂಗಡಿಗರೂ ಲಾಸ್ ಏಂಜಲಿಸ್ ಪ್ರದೇಶದಲ್ಲಿ ನಡೆದ 900 ಅಪಘಾತಗಳ ಸ್ಥಳಕ್ಕೆ ತಾವೇ ಹೋಗಿ, ಟೈರು ಉಜ್ಜಿದ ಗುರುತುಗಳಿಂದ ಮೊದಲುಗೊಂಡು ಎಲ್ಲವನ್ನೂ ಅಳೆದು, ಇನ್ನೂ 3,600 ಪೋಲೀಸ್ ವರದಿಗಳನ್ನು ಪರಿಶೀಲಿಸಿ, 1981ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಎರಡು ವಾಹನಗಳು ಪಾಲುಗೊಂಡ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು, ಹೋಗುವ ಹಕ್ಕು ಮೋಟಾರು ಸೈಕಲ್ಲಿನದಾಗಿದ್ದಾಗ ಕಾರಿನವನು ಅಡ್ಡ ಬಂದುದರಿಂದ ಸಂಭವಿಸಿದ್ದುವು. ಅಡ್ಡ ಬರಲು ಮುಖ್ಯ ಕಾರಣ ಮೋಟಾರು ಸೈಕಲ್ಲು ಅವನ ಗಮನಕ್ಕೆ ಬಾರದೆ ಹೋದದ್ದು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುವುದರಿಂದ ಎಡಕ್ಕೆ ತಿರುಗುವ ಕಾರು ಎದುರು ಬರುವ ಸವಾರನ ದಾರಿಯನ್ನು ಕಡಿಯುತ್ತದೆ. ನಮ್ಮಲ್ಲಿ ಬಲಕ್ಕೆ ತಿರುಗುವ ಕಾರು ಅದನ್ನೇ ಮಾಡುತ್ತದೆ. ಹೆದ್ದಾರಿಯ ನಡುವಣ ವಿಭಜಕದಲ್ಲಿ ಅಲ್ಲಲ್ಲಿ ಬಿಟ್ಟಿರುವ ತೆರವುಗಳನ್ನು ನೆನೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಅಪಾಯವು ಗೋಚರವಾದ ಮೇಲೆ ಸವಾರನಿಗೆ ದೊರೆಯುತ್ತಿದ್ದ ಕಾಲವು ಸಾಮಾನ್ಯವಾಗಿ 2 ಸೆಕೆಂಡಿಗಿಂತಲೂ ಕಡಿಮೆ ಎಂದು ಹರ್ಟರ ತಂಡ ಲೆಕ್ಕ ಹಾಕಿತು. ಯೂರೋಪಿನ ಐದು ದೇಶಗಳಲ್ಲಿ 921 ಅಪಘಾತಗಳನ್ನು ಇದೇ ರೀತಿ ಪರೀಕ್ಷಿಸಿದ ಇನ್ನೊಂದು ತಂಡವೂ ಸುಮಾರು ಇಪ್ಪತ್ತು ವರ್ಷಗಳ ಅನಂತರ ಇಂಥ ನಿರ್ಣಯಕ್ಕೇ ಬಂದಿತು.

ಹಾಗಾದರೆ ಹಗಲು ಬೆಳಕಿನಲ್ಲಿ, ಎರಡು ಕಣ್ಣೂ ಸರಿಯಾಗಿರುವವನಿಗೆ, ಎದುರಿಗೆ ಬರುವ ವಾಹನವು ಕಾಣದಿರುವುದು ಹೇಗೆ?

ಕಣ್ಣನ್ನು ನಾವು ಕ್ಯಾಮರಾಕ್ಕೆ ಹೋಲಿಸಿ ಪಾಠ ಹೇಳುತ್ತೇವೆ. ಹೋಲಿಕೆಯು ಮಸೂರದ ಮಟ್ಟಿಗೆ ಸರಿ. ಮುಂದೆ ತಪ್ಪುದಾರಿಗೆ ಎಳೆಯುತ್ತದೆ. ಕ್ಯಾಮರಾದ ಚಿತ್ರವು ಅಂಚಿನಿಂದ ಅಂಚಿಗೆ ಒಂದೇ ಸಮನೆ ಸ್ಫುಟವಾಗಿರುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ಅತಿ ಸೂಕ್ಷ್ಮವಾಗಿ ನೋಡಬಲ್ಲ ಭಾಗವೆಂದರೆ ಮಧ್ಯದ ಒಂದು ಸಣ್ಣ ಗುಳಿ ಮಾತ್ರ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ. ಕೈಯನ್ನು ಪೂರ್ತಿಯಾಗಿ ಚಾಚಿ ಹೆಬ್ಬೆರಳನ್ನು ನಿಲ್ಲಿಸಿದರೆ ಅದರ ಅಗಲವು ಹೆಚ್ಚುಕಡಿಮೆ ಅಷ್ಟೇ. ಉಳಿದ ಸಮಸ್ತ ದೃಶ್ಯವೂ ಮಸುಕು. ಈ ಮಸುಕು ನಮ್ಮ ಅರಿವಿಗೆ ಬಾರದಿರುವುದಕ್ಕೆ ಕಾರಣ, ಕಣ್ಣು ಒಂದೆಡೆ ನಿಲ್ಲದೆ ಸೆಕೆಂಡಿಗೆ ಮೂರು ನಾಲ್ಕು ಬಾರಿ ಅಲ್ಲಿಂದಿಲ್ಲಿಗೆ ನೆಗೆಯುತ್ತಿರುವುದು. ನೆಗೆದು ನಿಂತಲ್ಲಿ ಮಾತ್ರ ಅದು ನೋಡುತ್ತದೆ. ನೆಗೆಯುತ್ತಿರುವಾಗ ಮೆದುಳು ದೃಷ್ಟಿಯನ್ನು ಬಹುಮಟ್ಟಿಗೆ ಅಡಗಿಸಿಬಿಡುತ್ತದೆ. ಇಲ್ಲದಿದ್ದರೆ ಪ್ರಪಂಚವು ಸದಾ ಗಿರ್ರನೆ ತಿರುಗುತ್ತಿರುವಂತೆ ತೋರಿ ನಮಗೆ ತಲೆಸುತ್ತು ಬಂದೀತು. ಇದನ್ನು ಪರೀಕ್ಷಿಸಲು ಉಪಕರಣ ಬೇಡ. ಕನ್ನಡಿಯ ಮುಂದೆ ನಿಂತು ಒಮ್ಮೆ ನಿಮ್ಮ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ನೋಡಿಕೊಳ್ಳಿ. ನಿಮ್ಮ ಕಣ್ಣುಗಳು ಚಲಿಸುವುದು ನಿಮಗೆ ಎಂದಿಗೂ ಕಾಣದು. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ.

ಈಗ ಕೂಡುರಸ್ತೆಗೆ ಬಂದ ಚಾಲಕನನ್ನು ಊಹಿಸಿಕೊಳ್ಳಿರಿ. ಹಿಂದಿನವನು ಹಾರನ್ನು ಬಾರಿಸುತ್ತಿದ್ದಾನೆ. ಇವನು ಎಡದಿಂದ ಬಲಕ್ಕೆ ಸರಕ್ಕನೆ ಕತ್ತು ತಿರುಗಿಸುತ್ತಾನೆ. ಆ ಅರೆ ಸೆಕೆಂಡಿನಲ್ಲಿ ಕಣ್ಣು ಎರಡು ಮೂರು ಕಡೆ ಮಾತ್ರ ನಿಂತಿರುತ್ತದೆ. ನಿಂತ ಎಡೆಗಳ ನಡುವಣ ಭಾಗವನ್ನು ಮೆದುಳು ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ, ಹರಿದ ಬಟ್ಟೆಗೆ ತೇಪೆ ಹಾಕಿದಂತೆ. ಬಸ್ಸಾಗಲಿ ಲಾರಿಯಾಗಲಿ ಈ ತೇಪೆಯ ಕೆಳಗೆ ಅಡಗದಷ್ಟು ದೊಡ್ಡದು. ಅರುವತ್ತು ಮೀಟರು ದೂರದಲ್ಲಿರುವ ಮೋಟಾರು ಸೈಕಲ್ಲಿನ ಮುಂಭಾಗವಾದರೋ, ಚಾಚಿದ ಹೆಬ್ಬೆರಳಿನ ಅರ್ಧದಷ್ಟೂ ಅಗಲವಿಲ್ಲ. ಅದು ತೇಪೆಯ ಕೆಳಗೆ ಸಲೀಸಾಗಿ ಸೇರಿಹೋಗುತ್ತದೆ. ಆಕಾಶದಲ್ಲಿ ಇತರ ವಿಮಾನಗಳನ್ನು ಹುಡುಕುವ ವೈಮಾನಿಕರಿಗೆ ಈ ಸಂಗತಿ ಗೊತ್ತು. ಅವರಿಗೆ ದಿಗಂತವನ್ನು ಒಂದೇ ಸವನೆ ಗುಡಿಸಿದಂತೆ ನೋಡಬಾರದೆಂದೂ, ತುಂಡು ತುಂಡಾಗಿ ಭಾಗಿಸಿ ಒಂದೊಂದರಲ್ಲಿಯೂ ಕಣ್ಣನ್ನು ಕ್ಷಣಕಾಲ ನಿಲ್ಲಿಸಬೇಕೆಂದೂ ಕಲಿಸುತ್ತಾರೆ. ಕಾರು ನಡೆಸುವವರಿಗೆ ಪರವಾನಗಿ ಕೊಡುವಾಗ ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಟ್ಟಂತೆ ಕಾಣೆ. ‘ಎಂಟು’ ಬರೆಸುವುದಷ್ಟನ್ನೇ ಕಂಡಿದ್ದೇನೆ.

ಕಣ್ಣು ನಿಂತಲ್ಲಿಯೂ ಎಲ್ಲವೂ ಕಾಣುವುದೆಂದಲ್ಲ. ಮನಸ್ಸು ಯಾವುದನ್ನು ಅರಸುತ್ತಿದೆಯೋ ಅದು ಮೊದಲು ಕಾಣುತ್ತದೆ. ಅಮೆರಿಕದಲ್ಲಿ ಸೈಮನ್ಸ್ ಮತ್ತು ಷಾಬ್ರಿ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾದದ್ದು: ಚೆಂಡಾಟದ ಚಲನಚಿತ್ರವನ್ನು ತೋರಿಸಿ, ಬಿಳಿಯ ಅಂಗಿಯವರು ಎಷ್ಟು ಬಾರಿ ಚೆಂಡನ್ನು ಸಾಗಿಸಿದರೆಂದು ಎಣಿಸಹೇಳಿದರು. ಆಟದ ನಡುವೆ ಗೊರಿಲ್ಲಾ ವೇಷದ ವ್ಯಕ್ತಿಯೊಂದು ಬಂದು, ಎದೆ ಬಡಿದುಕೊಂಡು ಹೋಯಿತು. ನೋಡಿದವರಲ್ಲಿ ಸುಮಾರು ಅರ್ಧ ಮಂದಿಗೆ ಅದು ಕಾಣಲೇ ಇಲ್ಲ. ನಮಗೆ ಇನ್ನೂ ಹತ್ತಿರದ ಪ್ರಯೋಗ 2007ರದು. ಕೃತಕ ರಸ್ತೆಯ ಚಿತ್ರದ ಮುಂದೆ ಕುಳಿತು ವಾಹನ ನಡೆಸುವವರಿಗೆ, ಪ್ರತಿಯೊಂದು ಕೂಡುರಸ್ತೆಯಲ್ಲಿಯೂ ಹಳದಿಯ ಇಲ್ಲವೆ ನೀಲಿಯ ಬಾಣವನ್ನು ಹುಡುಕಿ ಅದರಂತೆ ತಿರುಗಬೇಕೆಂದು ಹೇಳಲಾಗಿತ್ತು. ಹಠಾತ್ತಾಗಿ ಮೋಟಾರು ಸೈಕಲ್ಲೊಂದು ಅಡ್ಡ ಬಂದಾಗ, ಅದರ ಬಣ್ಣವೂ ಹುಡುಕುತ್ತಿದ್ದ ಬಾಣದ ಬಣ್ಣವೂ ಒಂದೇ ಆಗಿದ್ದವರು ಹೆಚ್ಚಾಗಿ ತಪ್ಪಿಸಿಕೊಂಡರು; ಬಣ್ಣ ಬೇರೆಯಾಗಿದ್ದವರಲ್ಲಿ ಡಿಕ್ಕಿಗಳು ಬಹಳ ಹೆಚ್ಚಿದುವು. ಕಾರು, ಲಾರಿಗಳನ್ನೇ ನಿರೀಕ್ಷಿಸುವ ಚಾಲಕನ ಮನಸ್ಸಿನ ಜರಡಿಯಲ್ಲಿ ಸವಾರನು ಸೋರಿಹೋಗುತ್ತಾನೆ. ನಮ್ಮ ಊರುಗಳಲ್ಲಿ ಮೋಟಾರು ಸೈಕಲ್ಲುಗಳೇ ಹೆಚ್ಚಾಗಿರುವುದರಿಂದ ಈ ಕಾರಣವು ಇಲ್ಲಿ ಅಷ್ಟು ಪ್ರಬಲವಾಗಿರಲಾರದೆಂದು ನನ್ನ ಎಣಿಕೆ. ಹೆದ್ದಾರಿಗೆ ಬಂದರೆ ಮಾತು ಬೇರೆ.

ಇನ್ನು ಶುದ್ಧವಾದ ರೇಖಾಗಣಿತಕ್ಕೆ ಬರೋಣ. ಕಾರಿನ ಮುಂಗಾಜಿನ ಎರಡು ಪಕ್ಕಗಳಲ್ಲಿ ಚಾವಣಿಯನ್ನು ಹೊತ್ತಿರುವ ಕಂಬಗಳಿವೆ. ಕಾರು ಮಗುಚಿಕೊಂಡರೆ ಒಳಗಿನವರು ಜಜ್ಜಿಹೋಗಬಾರದೆಂದು ಈಚಿನ ಕಾರುಗಳಲ್ಲಿ ಇವನ್ನು ದಪ್ಪವಾಗಿಯೇ ಮಾಡುತ್ತಾರೆ. ಒಳಗಿನವರ ರಕ್ಷಣೆಗಾಗಿ ಬೆಳೆದ ಕಂಬವೇ ಹೊರಗಿನವರಿಗೆ ಮೃತ್ಯುವಾಗಬಲ್ಲುದು. ಚಾಲಕನ ಬಲಗಡೆಯ ಕಂಬ 10 ಸೆಂ.ಮೀ. ಅಗಲವಿದ್ದು ಅವನ ಕಣ್ಣಿನಿಂದ 70 ಸೆಂ.ಮೀ. ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಎರಡು ಕಣ್ಣುಗಳ ನಡುವಣ ಅಂತರ ಸುಮಾರು 6.5 ಸೆಂ.ಮೀ. ಒಂದು ಕಣ್ಣಿಗೆ ಮರೆಯಾದದ್ದರಲ್ಲಿ ಕೆಲಭಾಗ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಕಂಬವು ಕಣ್ಣುಗಳ ಅಂತರಕ್ಕಿಂತ ಕಿರಿದಾಗಿದ್ದರೆ ದೂರದಲ್ಲಿ ಯಾವುದೂ ಮರೆಯಾಗುತ್ತಿರಲಿಲ್ಲ. ಅದಕ್ಕಿಂತ ಅಗಲವಾಗಿರುವುದರಿಂದ ಎರಡು ಕಣ್ಣಿಗೂ ಕಾಣದ ಕುರುಡು ಪಟ್ಟಿಯೊಂದು ಕಂಬದ ಆಚೆ ಹಬ್ಬುತ್ತದೆ. ಸಮರೂಪ ತ್ರಿಭುಜಗಳನ್ನು ಬರೆದು ನೋಡಿದರೆ, ಇದು ಮೀಟರು ದೂರಕ್ಕೆ 5 ಸೆಂ.ಮೀ.ನಂತೆ ಅಗಲವಾಗುತ್ತ ಹೋಗುವುದೆಂದು ತಿಳಿಯುತ್ತದೆ. 20 ಮೀಟರು ದೂರದಲ್ಲಿ ಪಟ್ಟಿಯ ಅಗಲ 1 ಮೀಟರನ್ನು ಮೀರಿದೆ: ಎದುರುಮುಖವಾಗಿ ಬರುವ ಸವಾರನೂ ಅವನ ವಾಹನವೂ ಅದರೊಳಗೆ ಪೂರ್ತಿಯಾಗಿ ಅಡಗಬಲ್ಲುದು, ಕಾರು ಅಡಗಲಾರದು. 40 ಮೀಟರಿನಲ್ಲಿ ಪಟ್ಟಿ 2 ಮೀಟರು. ಅಡ್ಡಲಾಗಿ ಹೋಗುವ ಮೋಟಾರು ಸೈಕಲ್ಲನ್ನು ತಲೆಯಿಂದ ಬಾಲದವರೆಗೆ ಮುಚ್ಚಲು ಸಾಕು.

ವಾಹನಗಳು ಚಲಿಸುತ್ತಿವೆಯಲ್ಲ, ಕ್ಷಣಮಾತ್ರ ಮರೆಯಾದರೂ ಮರುಕ್ಷಣ ಹೊರಬರಬೇಕಲ್ಲವೆ, ಎಂದು ಕೇಳಬಹುದು. ಇಲ್ಲಿಯೇ ಪ್ರಕೃತಿಯು ಒಂದು ಕ್ರೂರವಾದ ವಿನೋದವನ್ನಿಟ್ಟಿದೆ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಕೂಡುರಸ್ತೆಯ ಕಡೆಗೆ ಬರುತ್ತಿದೆ. ಬಲಗಡೆಯ ಅಡ್ಡರಸ್ತೆಯಿಂದ ಮೋಟಾರು ಸೈಕಲ್ಲು 30 ಕಿ.ಮೀ. ವೇಗದಲ್ಲಿ ಅದೇ ಸ್ಥಳಕ್ಕೆ ಬರುತ್ತಿದೆ. ಎರಡೂ ವೇಗ ಬದಲಾಯಿಸದೆ ಬಂದರೆ ಡಿಕ್ಕಿಯಾಗುವುದೆಂದಿಟ್ಟುಕೊಳ್ಳಿ. ಡಿಕ್ಕಿಗೆ 5 ಸೆಕೆಂಡು ಮೊದಲು ಕಾರು ಆ ಸ್ಥಳದಿಂದ ಸುಮಾರು 70 ಮೀಟರು, ಮೋಟಾರು ಸೈಕಲ್ಲು 42 ಮೀಟರು ದೂರದಲ್ಲಿರುತ್ತವೆ. 2 ಸೆಕೆಂಡು ಮೊದಲು 28 ಮೀಟರು ಮತ್ತು 17 ಮೀಟರು. ದೂರಗಳು ಕಡಿಮೆಯಾದುವು, ಅವುಗಳ ಪ್ರಮಾಣ ಮಾತ್ರ 5ಕ್ಕೆ 3 ಆಗಿಯೇ ಉಳಿಯಿತು. ಪ್ರಮಾಣ ಬದಲಾಗದಿದ್ದರೆ ಕೋನವೂ ಬದಲಾಗದು. ಮೊದಲಿನಿಂದ ಕೊನೆಯವರೆಗೂ ಮೋಟಾರು ಸೈಕಲ್ಲು ಕಾರಿನವನ ನೇರನೋಟಕ್ಕೆ 31 ಡಿಗ್ರಿ ಬಲಕ್ಕೆ, ಒಂದೇ ದಿಕ್ಕಿನಲ್ಲಿರುತ್ತದೆ. ಆ ದಿಕ್ಕಿನಲ್ಲಿ ಕಂಬವಿದ್ದರೆ, ಕಂಬದ ನೆರಳಿನಲ್ಲಿಯೇ ಅದು ಅಪಘಾತದ ಸ್ಥಳದ ಸಮೀಪಕ್ಕೆ ಬಂದುಬಿಡುತ್ತದೆ. ಮೇಲಿನ ಲೆಕ್ಕದಂತೆ ಪೂರ್ತಿಯಾಗಿ ಮರೆಯಾಗಿರುವುದು ಡಿಕ್ಕಿಗೆ ಎರಡೂವರೆ ಸೆಕೆಂಡು ಮೊದಲಿನವರೆಗೆ. ಆಮೇಲೆ ಮುಂಗಾಲಿಯೋ ಹಿಂಗಾಲಿಯೋ ಕಂಬದಾಚೆ ಇಣುಕಲಾರಂಭಿಸುತ್ತದೆ. ಸಮುದ್ರಯಾನ ಮಾಡುವವರು ಇದನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ಇನ್ನೊಂದು ಹಡಗು ತನ್ನ ದಿಕ್ಕನ್ನು ಬದಲಿಸದೆ ದೊಡ್ಡದಾಗುತ್ತ ಬಂದರೆ ಅದು ನಮಗೆ ಡಿಕ್ಕಿ ಹೊಡೆಯಲಿದೆಯೆಂದು ಅವರು ತಿಳಿಯುತ್ತಾರೆ. ಕಂಬವಿಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲ. ಕಣ್ಣಿನ ಅಂಚಿನ ಮಸುಕು ನೋಟವು ಅಡ್ಡಡ್ಡ ಚಲಿಸುವುದನ್ನು ಬಹು ಬೇಗ ಗುರುತಿಸುತ್ತದೆ. ನಮಗೆ ಡಿಕ್ಕಿ ಹೊಡೆಯಲಿರುವ ವಸ್ತುವೊಂದೇ ಅಡ್ಡಡ್ಡ ಚಲಿಸದೆ ನಿಶ್ಚಲವಾಗಿ ತೋರುವುದು.

ಇದಕ್ಕೆ ಪರಿಹಾರ ಎರಡು ಕಡೆಯಿಂದಲೂ ಇದೆ. ಚಾಲಕನು ತಲೆಯನ್ನು ನೋಟಕ್ಕೆ ಅಡ್ಡಲಾಗಿ 5 ಸೆಂ.ಮೀ. ಜರುಗಿಸಿದರೆ 20 ಮೀಟರು ದೂರದಲ್ಲಿ ಕುರುಡು ಪಟ್ಟಿಯು ಸುಮಾರು 1.4 ಮೀಟರು ಜರುಗುತ್ತದೆ. ತಿರುಗಿಸುವ ಮೊದಲು ಒಮ್ಮೆ ಮುಂದಕ್ಕೆ ಬಾಗಿ ನೋಡುವುದರ ಬೆಲೆ ಇಷ್ಟು. ಸವಾರನು ಮಾಡಬಹುದಾದದ್ದು, ಆ ಪ್ರಮಾಣವನ್ನು ಕೆಡಿಸುವುದು. ಕೂಡುರಸ್ತೆಗೆ ಬರುವಾಗ ವೇಗವನ್ನು ಸ್ವಲ್ಪ ತಗ್ಗಿಸಿದರೂ ಕೋನ ಬದಲಾಗಿ ಅವನು ಕಂಬದ ಮರೆಯಿಂದ ಹೊರಬೀಳುತ್ತಾನೆ. ಎದುರಿನಿಂದ ಕಾರು ಬಲಕ್ಕೆ ತಿರುಗಲು ಕಾದಿರುವುದು ಕಂಡರೆ, ತನ್ನ ಪಥದೊಳಗೇ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಜರುಗಬೇಕು. ಹಿಂದಿನ ಮರ, ಕಟ್ಟಡಗಳ ಮೇಲೆ ಅವನ ಆಕಾರವು ಆಗ ಅಡ್ಡವಾಗಿ ಚಲಿಸಿದಂತೆ ತೋರಿ ಕಾರಿನವನ ಕಣ್ಣನ್ನು ಸೆಳೆಯುತ್ತದೆ. ಹಾವು ಹರಿದಂತೆ ವಾಹನಗಳ ನಡುವೆ ನುಸುಳುವ ನಮ್ಮ ಯುವಕರ ವಿದ್ಯೆಗೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆಯಾಗಿ ಹೇಳಬೇಕೆ?

ಸವಾರನು ಕಂಡನೆಂದೇ ಇಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಬಂದಾನೆಂಬ ಅಂದಾಜು ತಪ್ಪಬಹುದು. ಎದುರು ಬರುವ ವಸ್ತುವಿನ ವೇಗವನ್ನು ನಾವು ತಿಳಿಯುವುದು ಮುಖ್ಯವಾಗಿ ಅದರ ಆಕಾರ ಹಿಗ್ಗುವುದರಿಂದ. ಹಿಗ್ಗುವ ದರವು ವಸ್ತುವಿನ ಅಗಲಕ್ಕೂ ವೇಗಕ್ಕೂ ಅನುಲೋಮವಾಗಿಯೂ ದೂರದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ಸೆಕೆಂಡಿಗೆ ಸುಮಾರು 0.003 ರೇಡಿಯನ್ನಿಗಿಂತ ಕಡಿಮೆಯಾದ ಹಿಗ್ಗುವಿಕೆಯು ನಮ್ಮ ಕಣ್ಣಿಗೆ ತಿಳಿಯದೆಂದು ಪ್ರಯೋಗಗಳು ತೋರಿಸಿವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ, 1.7 ಮೀಟರು ಅಗಲದ ಕಾರಿನ ವೇಗವು 97 ಮೀಟರು ದೂರದಲ್ಲಿಯೇ ಅರಿವಿಗೆ ಬರುತ್ತದೆ. 70 ಸೆಂ.ಮೀ. ಅಗಲದ ಮೋಟಾರು ಸೈಕಲ್ಲಿನದು 62 ಮೀಟರಿನವರೆಗೂ ಬಾರದು. ಅದಕ್ಕೂ ದೂರದಲ್ಲಿ ಅದು ನಿಂತಿದೆಯೋ ಬರುತ್ತಿದೆಯೋ ಎಂಬಂತಿರುತ್ತದೆ. ಸಾಲದುದಕ್ಕೆ, ಚಿಕ್ಕದಾಗಿರುವುದು ದೂರದಲ್ಲಿದೆಯೆಂದು ಭಾವಿಸುವುದು ಮನಸ್ಸಿನ ಸಹಜ ಗುಣ. “ಇನ್ನೂ ದೂರದಲ್ಲಿದೆ” ಎಂದು ಚಾಲಕನು ತಿರುಗಿಸುತ್ತಾನೆ.

ರಾತ್ರಿ ಈ ತೊಡಕು ಇಮ್ಮಡಿಸುತ್ತದೆ. ಕಾರಿನ ಎರಡು ದೀಪಗಳು ಸಮೀಪಿಸುತ್ತ ಒಂದರಿಂದೊಂದು ಅಗಲುವುದರಿಂದ ಅದರ ವೇಗ ತಿಳಿಯುತ್ತದೆ. ಒಂಟಿ ದೀಪಕ್ಕೆ ಅಗಲುವುದೆಂಬುದೇ ಇಲ್ಲ, ಅದೊಂದು ಬಿಂದು. ಇಂಗ್ಲೆಂಡಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕತ್ತಲಾದಂತೆ ಒಂಟಿ ದೀಪದ ವೇಗವನ್ನು ಅಳೆಯುವ ಶಕ್ತಿ ಬಹಳ ಕುಗ್ಗಿತೆಂದೂ, ಮುಖ್ಯ ದೀಪದ ಜೊತೆಗೆ ಇನ್ನೆರಡು ಚಿಕ್ಕ ದೀಪಗಳನ್ನು ತ್ರಿಕೋನಾಕಾರವಾಗಿ ಜೋಡಿಸಿದಾಗ ಅದು ಸುಧಾರಿಸಿತೆಂದೂ ತಿಳಿದುಬಂದಿತು. ನಮ್ಮ ಹಳ್ಳಿಗಾಡಿನ ರಸ್ತೆಗಳಲ್ಲಿ ಇದರ ತಲೆಕೆಳಗಾದ ಅಪಾಯವೂ ಉಂಟು. ಎದುರಿಗೆ ಬರುವ ಒಂಟಿ ದೀಪವನ್ನು ಮೋಟಾರು ಸೈಕಲ್ಲೆಂದು ನಂಬಿ ಅದರ ಪಕ್ಕಕ್ಕೆ ಹೋದವನಿಗೆ, ಅದು ಒಂದು ದೀಪ ಕೆಟ್ಟ ಲಾರಿಯೆಂದು ತಿಳಿಯುವ ವೇಳೆಗೆ ಹೊತ್ತು ಮೀರಿರುತ್ತದೆ.

ಹಗಲಿನಲ್ಲಿಯೂ ದೀಪ ಹೊತ್ತಿಸಿಕೊಂಡು ಹೋಗುವುದನ್ನು ಕಂಡು ಹಿರಿಯರು ನಗುವುದುಂಟು. 2017ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ನು ನಡೆಯುತ್ತಿರುವವರೆಗೂ ತಾನಾಗಿಯೇ ಉರಿಯುವಂತಿರಬೇಕೆಂದು ವಿಧಿಸಲಾಯಿತು. ಇದರಿಂದ ಪ್ರಯೋಜನವುಂಟೆಂಬುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕ್ಷಿಯಾಗಿದೆ. ಅಪಘಾತಕ್ಕೆ ಈಡಾದ ಸವಾರರನ್ನೂ, ಅದೇ ರಸ್ತೆಗಳಲ್ಲಿ ಸುರಕ್ಷಿತವಾಗಿ ಹೋಗುತ್ತಿದ್ದ ಸವಾರರನ್ನೂ ಹೋಲಿಸಿ ನೋಡಿದಾಗ, ಹಗಲು ದೀಪ ಉರಿಸಿದವರಿಗೆ ಗಾಯದ ಸಂಭವ ಶೇಕಡ 27ರಷ್ಟು, ಹೊಳೆಯುವ ಉಡುಪು ತೊಟ್ಟವರಿಗೆ ಶೇಕಡ 37ರಷ್ಟು, ಕಪ್ಪು ಹೆಲ್ಮೆಟ್ಟಿನವರಿಗಿಂತ ಬಿಳಿಯ ಹೆಲ್ಮೆಟ್ಟಿನವರಿಗೆ ಶೇಕಡ 24ರಷ್ಟು ಕಡಿಮೆಯಿತ್ತು. ಬಿಳಿಯ ಹೆಲ್ಮೆಟ್ಟನ್ನು ಆರಿಸುವವನು ಸ್ವಭಾವತಃ ಎಚ್ಚರಿಕೆಯವನಾಗಿರಬಹುದು, ಅದರ ಫಲವೂ ಇಲ್ಲಿ ಸ್ವಲ್ಪ ಬೆರೆತಿರಬಹುದು. ಆದರೂ ಬಿಳಿಗೂ ಕಪ್ಪಿಗೂ ಬೆಲೆಯಲ್ಲಿ ವ್ಯತ್ಯಾಸವಿಲ್ಲದಿರುವಾಗ ಕಪ್ಪನ್ನೇ ಕೊಳ್ಳುವುದಕ್ಕೆ ಕಾರಣ ನನಗೆ ತೋಚದು.

ದೀಪವು ಎಲ್ಲ ಸಂದರ್ಭಗಳಲ್ಲಿಯೂ ಕಾಪಾಡುವುದೆಂದು ನಂಬುವವರಿಗೆ ಒಂದು ವಿಚಿತ್ರ ಕಥೆಯುಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯವರು ವಿಮಾನಗಳನ್ನು ಶತ್ರುವಿನ ಕಣ್ಣಿಗೆ ಬೀಳದಂತೆ ಮಾಡಲು ಅವುಗಳ ರೆಕ್ಕೆಗಳ ಮುಂಭಾಗಕ್ಕೆ ದೀಪಗಳನ್ನು ಜೋಡಿಸಿದರು! ಹೊಳೆಯುವ ಆಕಾಶದ ಮುಂದೆ ವಿಮಾನವು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ದೀಪಗಳ ಪ್ರಕಾಶವನ್ನು ಆಕಾಶದ ಪ್ರಕಾಶಕ್ಕೆ ಸರಿಹೊಂದಿಸಿದರೆ ಆ ಚುಕ್ಕೆ ಆಕಾಶದಲ್ಲಿ ಕರಗಿಹೋಗುತ್ತದೆ. ಸುಮಾರು 19 ಕಿ.ಮೀ. ದೂರದಿಂದ ಕಾಣುತ್ತಿದ್ದ ವಿಮಾನವು 3 ಕಿ.ಮೀ.ವರೆಗೆ ಬರುವ ತನಕ ಕಾಣದಂತಾಯಿತು. ಕಾಣುವುದು ಬೆಳಕಿನಿಂದಲ್ಲ, ಹಿನ್ನೆಲೆಗೂ ವಸ್ತುವಿಗೂ ಇರುವ ಭೇದದಿಂದ. ಸಂಜೆಯ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರುವ ಸವಾರನ ದೀಪವು ಅವನನ್ನು ತೋರಿಸುವುದಕ್ಕೆ ಬದಲಾಗಿ ಮರೆಮಾಡಲೂಬಹುದು. ನಿಮ್ಮ ನೆರಳು ಮುಂದೆ ಉದ್ದವಾಗಿ ಬಿದ್ದಿದ್ದರೆ, ಎದುರಿನವನ ಕಣ್ಣಿಗೆ ನೇರವಾಗಿ ಬಿಸಿಲು ಬಡಿಯುತ್ತಿದೆಯೆಂದು ಅರಿತು, ನೀವು ಅವನಿಗೆ ಇಲ್ಲವೇ ಇಲ್ಲವೆಂದು ಬಗೆದು ನಡೆಸಬೇಕು.

ಉಡುಪಿನ ವಿಷಯದಲ್ಲಿ ಎರಡು ಬಗೆಯ ಹೊಳಪನ್ನು ಜನರು ಒಂದೇ ಎಂದು ತಿಳಿಯುತ್ತಾರೆ. ಗಿಳಿಹಸುರು, ಕಿತ್ತಳೆ ಬಣ್ಣದ ಮೇಲಂಗಿಗಳ ಹೊಳಪು ಪ್ರತಿದೀಪ್ತಿ. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ನೀಲಿ ಬೆಳಕನ್ನೂ ಹೀರಿಕೊಂಡು, ಕಣ್ಣಿಗೆ ಬಲುಮಟ್ಟಿಗೆ ತಾಗುವ ಹಸುರು ಹಳದಿಯಾಗಿ ಹೊರಸೂಸುವುದರಿಂದ, ತನ್ನ ಮೇಲೆ ಬಿದ್ದುದಕ್ಕಿಂತ ಹೆಚ್ಚು ಹಳದಿ ಬೆಳಕನ್ನು ಅದು ಕೊಡುವಂತಾಗುತ್ತದೆ. ಹಗಲಿನಲ್ಲಿ, ಅದರಲ್ಲಿಯೂ ನೀಲಿಯು ಹೆಚ್ಚಾಗಿರುವ ಮೋಡದ ದಿನಗಳಲ್ಲಿಯೂ ಮುಸ್ಸಂಜೆಯಲ್ಲಿಯೂ, ಇದಕ್ಕೆ ಸಮನಾದದ್ದಿಲ್ಲ. ಹಳೆಯ ಸೋಡಿಯಂ ದೀಪಗಳ ಹಳದಿ ಬೆಳಕಿನಲ್ಲಿ ಮಾತ್ರ ಇದು ಸತ್ತುಹೋಗುತ್ತದೆ, ಏಕೆಂದರೆ ಅಲ್ಲಿ ಹೀರಿಕೊಳ್ಳಲು ನೀಲಿಯೇ ಇಲ್ಲ. ಕೆಂಪನ್ನು ನಾವು ಅಪಾಯದ ಬಣ್ಣವೆಂದು ಎಣಿಸಿದ್ದೇವೆ. ಆದರೆ ಬೆಳಕು ಕುಗ್ಗಿದಾಗ ಕಣ್ಣಿನ ಸೂಕ್ಷ್ಮತೆಯು 555 ನ್ಯಾನೊಮೀಟರಿನಿಂದ 507ರ ಕಡೆಗೆ, ಎಂದರೆ ನೀಲಿಯ ಕಡೆಗೆ ಸರಿಯುತ್ತದೆಂಬುದು ಬೊಹೀಮಿಯದ ಪುರ್ಕಿನ್ಯೆಯ ಕಾಲದಿಂದ ತಿಳಿದಿರುವ ವಿಷಯ. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಾಗಿ, ಅದರ ಎಲೆ ಇನ್ನೂ ತಿಳಿಯಾಗಿ ಕಾಣುವುದನ್ನು ಹಿತ್ತಲಿನಲ್ಲಿಯೇ ನೋಡಬಹುದು. ಕೆಂಪಂಗಿಯ ಸವಾರನ ಗತಿಯೂ ಅದೇ.

ಇನ್ನೊಂದು ಬಗೆಯದು ಬೂದು ಬಣ್ಣದ ಪಟ್ಟಿ. ಹಗಲಿನಲ್ಲಿ ಇದನ್ನು ಕಂಡವರು ಕಾಸಿಗೆ ಕೊಳ್ಳರು. ಇದರ ಮೇಲೆ ಅಂಟಿಸಿರುವ ಸಣ್ಣ ಗಾಜಿನ ಮಣಿಗಳೊಳಗೆ ಹೊಕ್ಕ ಬೆಳಕು ವಕ್ರೀಭವಿಸಿ, ಹಿಂಬದಿಯಲ್ಲಿ ಪ್ರತಿಫಲಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಬಿಳಿಯ ಬಟ್ಟೆಯು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲಿ ದುಂದು ಮಾಡುತ್ತದೆ. ಈ ಪಟ್ಟಿಯಾದರೋ ಕಾರಿನ ದೀಪದಿಂದ ಬಂದುದನ್ನು ಆ ದೀಪಕ್ಕಿಂತ ಕೊಂಚ ಮೇಲಿರುವ ಚಾಲಕನ ಕಣ್ಣಿಗೇ ಒಪ್ಪಿಸುತ್ತದೆ. ಬೆಳಗಿನ ಹೊತ್ತು ಗದ್ದೆಯ ಬದುವಿನ ಮೇಲೆ ನಡೆದವರು ಇದನ್ನು ಬಲ್ಲರು: ಇಬ್ಬನಿ ತುಂಬಿದ ಪೈರಿನ ಮೇಲೆ ಬಿದ್ದ ತಮ್ಮ ತಲೆಯ ನೆರಳಿನ ಸುತ್ತ ಒಂದು ಪ್ರಭೆ ಕಾಣುತ್ತದೆ. ಪಕ್ಕದವನ ತಲೆಗೆ ಮಾತ್ರ ಅದು ಇರುವುದಿಲ್ಲ. ಅಲ್ಲಿ ಗಾಜಿನ ಮಣಿಯ ಕೆಲಸವನ್ನು ಇಬ್ಬನಿಯ ಹನಿ ಮಾಡುತ್ತದೆ. 1969ರಲ್ಲಿ ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕದಲ್ಲಿ ಮಣಿಗಳಿಗೆ ಬದಲಾಗಿ ಗಾಜಿನ ಮೂಲೆಗಳಿವೆ. ತತ್ತ್ವವು ಬಂದ ದಾರಿಗೇ ಬೆಳಕನ್ನು ಕಳುಹಿಸುವುದೇ. ಮಳೆಗಾಲದಲ್ಲಿ, ಬೇರೆ ದಿನಗಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳಬೇಕಾದ ಹೊತ್ತಿನಲ್ಲಿಯೇ, ನಮ್ಮ ಸವಾರರೆಲ್ಲರೂ ಕಪ್ಪು ಮಳೆಯಂಗಿಯೊಳಗೆ ಅಡಗುತ್ತಾರೆ. ಅದರ ಬೆನ್ನಿಗೂ ತೋಳಿಗೂ ಒಂದೊಂದು ಗೇಣು ಇಂಥ ಪಟ್ಟಿಯನ್ನು ಅಂಟಿಸಲು ಹೆಚ್ಚು ಖರ್ಚಿಲ್ಲ.

ಬೆಳಕು ಹೋದ ದಾರಿಯಲ್ಲಿಯೇ ಹಿಂದಿರುಗಬಲ್ಲುದೆಂಬ ನಿಯಮದಿಂದ ಇನ್ನೊಂದು ಉಪಯೋಗವುಂಟು. ಬಸ್ಸು, ಲಾರಿಗಳ ಹಿಂದೆ ಹೋಗುವಾಗ ಅವುಗಳ ಪಕ್ಕಗನ್ನಡಿಯಲ್ಲಿ ಚಾಲಕನ ಮುಖವನ್ನು ಹುಡುಕಬೇಕು. ಅವನ ಕಣ್ಣು ನಿಮಗೆ ಕಾಣದಿದ್ದರೆ ನೀವು ಅವನಿಗೆ ಕಾಣುವ ಸಂಭವವೇ ಇಲ್ಲ. ಕಂಡರೂ ಅವನು ನೋಡುತ್ತಿದ್ದಾನೆಂದು ಅರ್ಥವಲ್ಲ. ಎಡಕ್ಕೆ ತಿರುಗುವ ಲಾರಿಯ ಎಡಪಕ್ಕಕ್ಕೆ ನುಗ್ಗುವವರು ಇದಿಷ್ಟನ್ನು ತಿಳಿದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದುವು.

ಏನೆಲ್ಲ ಮಾಡಿದರೂ ಒಂದು ದಿನ ಕಾರು ಅಡ್ಡ ಬಂದೇ ಬರುತ್ತದೆ. ಆಗ ಉಳಿಯುವುದು ಬ್ರೇಕು. ಗಂಟೆಗೆ 60 ಕಿ.ಮೀ. ವೇಗದವನು ಎಚ್ಚತ್ತು ಬ್ರೇಕು ಹಿಡಿಯಲು 1 ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ 17 ಮೀಟರು ಸಾಗಿರುತ್ತಾನೆ. ಒಣರಸ್ತೆಯಲ್ಲಿ ಚೆನ್ನಾಗಿ ಬ್ರೇಕು ಹಿಡಿದರೆ ಇನ್ನು 20 ಮೀಟರಿನಲ್ಲಿ ನಿಲ್ಲುತ್ತಾನೆ. ಒಟ್ಟು 37 ಮೀಟರು. ಇವನ ಜೊತೆಯಲ್ಲಿಯೇ 80 ಕಿ.ಮೀ. ವೇಗದಲ್ಲಿದ್ದವನು ಅದೇ ಕ್ಷಣ ಎಚ್ಚತ್ತು ಅಷ್ಟೇ ಬಲವಾಗಿ ಬ್ರೇಕು ಹಿಡಿದನೆನ್ನೋಣ. ಮೊದಲನೆಯವನು ನಿಂತ ಸ್ಥಳದಲ್ಲಿ ಎರಡನೆಯವನ ವೇಗ ಎಷ್ಟಿರುತ್ತದೆ? ತರಗತಿಯಲ್ಲಿ ಕೇಳಿದರೆ ಬಹುಮಂದಿ 20 ಎನ್ನುತ್ತಾರೆ. ಲೆಕ್ಕ ಮಾಡಿದರೆ 61 ಕಿ.ಮೀ.ಗಿಂತಲೂ ಹೆಚ್ಚು. ಬ್ರೇಕು ಹಿಡಿದಾಗ ವಾಹನದ ಭಾರವು ಮುಂಗಾಲಿಯ ಮೇಲೆ ವಾಲುತ್ತದೆ. ಬಲವಾಗಿ ಹಿಡಿದಾಗ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಅದರ ಮೇಲೆಯೇ ಇರುತ್ತದೆ. ಆದುದರಿಂದ ನಿಲ್ಲಿಸುವ ಶಕ್ತಿ ಮುಂದಿನ ಬ್ರೇಕಿನದು. ಹರ್ಟರ ವರದಿಯಲ್ಲಿ ಕಂಡುಬಂದ ಸವಾರರು ಹೆದರಿಕೆಯಲ್ಲಿ ಹಿಂದಿನದನ್ನು ಅತಿಯಾಗಿ ತುಳಿದು ಜಾರಿದ್ದರು, ಮುಂದಿನದನ್ನು ಸಾಕಷ್ಟು ಹಿಡಿದಿರಲಿಲ್ಲ. ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಸಾಧನವು 2019ರ ಏಪ್ರಿಲಿನಿಂದ ನಮ್ಮಲ್ಲಿ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ವಾಹನಗಳಿಗೆ ಕಡ್ಡಾಯವಾಯಿತು. ಚಿಕ್ಕ ವಾಹನದವನು ಖಾಲಿ ಮೈದಾನದಲ್ಲಿ ಎರಡು ಬ್ರೇಕುಗಳನ್ನೂ ಒಟ್ಟಿಗೆ, ಮುಂದಿನದನ್ನು ಹಿಂಡುವಂತೆ ಕ್ರಮಕ್ರಮವಾಗಿ ಬಿಗಿಮಾಡುತ್ತ, ಅಭ್ಯಾಸ ಮಾಡುವುದೊಂದೇ ಉಪಾಯ.

ಕಂಬದ ಲೆಕ್ಕವನ್ನು ನಂಬದವರು ಅದನ್ನು ಪರೀಕ್ಷಿಸಿ ನೋಡಬಹುದು. ನಿಂತ ಕಾರಿನಲ್ಲಿ ಒಬ್ಬರು ಚಾಲಕನ ಸ್ಥಾನದಲ್ಲಿ ತಲೆ ಅಲುಗಿಸದೆ ಕುಳಿತುಕೊಳ್ಳಬೇಕು. ಇನ್ನೊಬ್ಬರು 20 ಮೀಟರು ಹಗ್ಗ ಹಿಡಿದು ಕಾರಿನ ಮುಂದೆ ಕಮಾನಿನಂತೆ ನಡೆಯಬೇಕು. ಕಾಣುತ್ತಿದ್ದವರು ಮರೆಯಾದ ಎಡೆಯಲ್ಲಿ ಒಂದು ಗುರುತು, ಪುನಃ ಕಂಡಲ್ಲಿ ಇನ್ನೊಂದು ಗುರುತು. ನಮ್ಮ ಕಾಲೇಜಿನ ಮೈದಾನದಲ್ಲಿ ಕಳೆದ ವರ್ಷ ವಿದ್ಯಾರ್ಥಿಗಳು ಇದನ್ನು ಮಾಡಿದಾಗ ಎರಡು ಗುರುತುಗಳ ನಡುವಣ ಅಂತರ ಒಂದು ಮೀಟರು ಇಪ್ಪತ್ತು ಸೆಂಟಿಮೀಟರು ಬಂದಿತು. ಆಮೇಲೆ ಆ ತೆರವಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಮೋಟಾರು ಸೈಕಲ್ಲಿನ ಮೇಲೆ, ಮುಖವನ್ನು ಕಾರಿನ ಕಡೆಗೆ ಮಾಡಿ, ದೀಪ ಹೊತ್ತಿಸಿ ಕುಳ್ಳಿರಿಸಿದೆವು. ಒಳಗಿದ್ದವರು ಒಬ್ಬೊಬ್ಬರಾಗಿ ಬಂದು ಕುಳಿತು ನೋಡಿ, ಮೈದಾನ ಖಾಲಿಯಾಗಿದೆಯೆಂದರು. ಅಂಗೈ ಅಗಲದಷ್ಟು ಮುಂದಕ್ಕೆ ಬಾಗಿರೆಂದಾಗ ಕಂಬದಾಚೆಯಿಂದ ಮೊದಲು ಹೆಲ್ಮೆಟ್ಟು, ಆಮೇಲೆ ದೀಪ, ಕಡೆಗೆ ಇಡೀ ವಾಹನವೂ ಹೊರಬಂದಿತು.